ಮಲಗುವ ಸರದಿ

ಚಿತ್ರದುರ್ಗದ ಆ ಮಸಾಜ್ ಥೆರಪಿ ತರಗತಿಯಲ್ಲಿ ಅನುಸೂಯಳಷ್ಟು ಉಪಕಾರಿ ಇನ್ನೊಬ್ಬರಿರಲಿಲ್ಲ. ಅಲ್ಲಿ ಕಲಿಕೆಯೆಲ್ಲ ಜೋಡಿಯಲ್ಲಿ. ಒಬ್ಬರು ಮಲಗಬೇಕು, ಇನ್ನೊಬ್ಬರು ನೀವಬೇಕು, ಆಮೇಲೆ ಅದಲು ಬದಲು. ಮಲಗುವ ಸರದಿ ಬಂದಾಗಲೆಲ್ಲ ಅನುಸೂಯ, ತನಗಿನ್ನೂ ಕೈ ಪಳಗಿಲ್ಲ, ನೀವೇ ಮಲಗಿ ಎಂದುಬಿಡುತ್ತಿದ್ದಳು. ಪುಕ್ಕಟೆ ಮೈ ನೀವಿಸಿಕೊಳ್ಳುವುದನ್ನು ಯಾರು ಬೇಡವೆನ್ನುತ್ತಾರೆ? ಹುಡುಗಿಯರು ಹಾಯಾಗಿ ಮಲಗುತ್ತಿದ್ದರು.

ನಿಜ ಸಂಗತಿ ಬೇರೆ. ಗಂಡ ತೀರಿಕೊಂಡ ಮೇಲೆ ಅವಳನ್ನು ಯಾರೂ ಪ್ರೀತಿಯಿಂದ ಮುಟ್ಟಿರಲಿಲ್ಲ. ರಾಮಗಿರಿಯಿಂದ ಬಂದು ಒಂಟಿ ಕೋಣೆ ಹಿಡಿದವಳಿಗೆ ಬಸ್ಸಿನ ನೂಕುನುಗ್ಗಲು ಬಿಟ್ಟರೆ ಇನ್ನೊಬ್ಬರ ಮೈ ತಾಗುತ್ತಿರಲಿಲ್ಲ. ಯಾರಾದರೂ ಬೆನ್ನ ಮೇಲೆ ಕೈಯಿಟ್ಟರೆ ಎಲ್ಲರೆದುರು ಅತ್ತುಬಿಡುತ್ತೇನೆ ಎಂಬುದೇ ಅವಳ ಭಯ.

ಕೊನೆಯ ಪರೀಕ್ಷೆಯಲ್ಲಿ ಈ ಆಟ ನಡೆಯಲಿಲ್ಲ. ಪಲ್ಲವಿಗೆ ಅನುಸೂಯಳೇ ರೋಗಿ ಎಂದು ಸುಮಿತ್ರಾ ಮೇಡಂ ಹೇಳಿಬಿಟ್ಟರು. ಹೊಸದುರ್ಗದ ಹುಡುಗಿ ಪಲ್ಲವಿ ಹೋದ ಸಲ ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಈ ಸಲವೂ ಹಾಗಾದರೆ ಮನೆಯವರು ಕಲಿಯುವುದನ್ನೇ ಬಿಡಿಸುವವರಿದ್ದರು. ನಮ್ಮ ಕಡೆಯ ಜನ ಜೀವ ಹೋಗುವಂತಿದ್ದರೂ 'ಪರ್ವಾಗಿಲ್ಲ' ಅನ್ನುತ್ತಾರೆ. ಹೋದ ಸಲ ಪಲ್ಲವಿ ಅದನ್ನು ನಂಬಿ ಒತ್ತಿದ್ದೇ ಒತ್ತಿದ್ದು, ಪಾಪ, ಮಲಗಿದ್ದ ಹೆಂಗಸಿಗೆ ಕೈ ಎತ್ತಲಾಗಿರಲಿಲ್ಲ.

ಅನುಸೂಯ ಬೋರಲು ಮಲಗಿದಳು. ಎಣ್ಣೆಯ ಕೈ ಹೆಗಲಿಗೆ ಬಂತು, ಹೆದರಿಕೆಗೋ ಏನೋ ತುಸು ಜೋರಾಗಿಯೇ ಒತ್ತಿತು.

"ನೋವಾಗ್ತೈತಾ ಅಕ್ಕ?"

"ಪರ್ವಾಗಿಲ್ಲ."

ಪಲ್ಲವಿ ಬಗ್ಗಿ ಮೆಲ್ಲಗೆ ಹೇಳಿದಳು. "ನಿಮ್ಮ ಕಾಲ್ಬೆರಳು ಮುದುರ್ಕಂಡವೆ ಅಕ್ಕ. ನಿಜ ಹೇಳ್ರಿ, ಇಲ್ಲಾಂದ್ರೆ ನಾನು ಮತ್ತೆ ಫೇಲು."

ಮನೆ ಮಾಲೀಕರಿಗೆ, ನಾದಿನಿಗೆ, ಹೇಗಿದ್ದೀಯ ಎಂದು ಫೋನಿನಲ್ಲಿ ಕೇಳಿದವರಿಗೆಲ್ಲ 'ಪರ್ವಾಗಿಲ್ಲ' ಅನ್ನುವ ಅದೊಂದೇ ಮಾತು ಹೇಳಿ ಅನುಸೂಯಳ ನಾಲಿಗೆಗೆ ರೂಢಿಯಾಗಿತ್ತು. ಅಷ್ಟರಲ್ಲಿ ಮೇಡಂ ಹತ್ತಿರ ಬಂದು ನಿಂತರು.

"ನೋವಾಗ್ತೈತೆ ಕಣವ್ವ," ಅಂದಳು ಅನುಸೂಯ. "ಭಾಳ ನೋವಾಗ್ತೈತೆ."

ಕೈ ಹಗುರವಾಯಿತು, ಆದರೆ ದೂರ ಸರಿಯಲಿಲ್ಲ. ಅನುಸೂಯ ಮುಖದ ಕೆಳಗಿನ ಟವೆಲ್ ಒದ್ದೆಯಾಗುವಷ್ಟು ಅತ್ತಳು. ಪಲ್ಲವಿ ಯಾಕೆಂದು ಕೇಳದೆ ನೀವುತ್ತಲೇ ಇದ್ದಳು.

ಸಮಯ ಮುಗಿಯಿತು ಎಂದರು ಮೇಡಂ. ಪಲ್ಲವಿ ಪಾಸು. ಅವಳು ಕೈ ಒರೆಸಿಕೊಂಡವಳೇ ಮನೆಗೆ ಫೋನ್ ಮಾಡಲು ಹೊರಗೆ ಓಡಿದಳು. ಮುಂದಿನ ಜೋಡಿ ಬಂದು ಕಾಯುತ್ತಿತ್ತು. ಮೇಡಂ ಎರಡು ಸಲ ಕರೆದರೂ ಅನುಸೂಯ ಏಳಲಿಲ್ಲ.

"ಹೆಗಲು ಇನ್ನೂ ಬೆಚ್ಚಗೈತೆ ಮೇಡಂ," ಅಂದಳು. "ಆ ಬಿಸಿ ಆರೋವರ್ಗೂ ಹಿಂಗೇ ಇರ್ತೀನಿ."