ಒಂದು ಗೂಡಿನಷ್ಟು ಪ್ರತಿಧ್ವನಿ

ಕಾಲೇಜಿನ ಹಳೇ ಪ್ರಾರ್ಥನಾಮಂದಿರದ ಪ್ರತಿಧ್ವನಿಯನ್ನೆಲ್ಲ ಗೋಣಿಚೀಲಗಳಿಗೆ ತುಂಬಿ, ಬಾಯಿ ಹೊಲಿದು, ಹೆಗಲ ಮೇಲೆ ಹೊತ್ತು ಹೊರಗೆ ಸಾಗಿಸಿದವನು ನಾನೊಬ್ಬನೇ. ಕೊನೆಯ ಚೀಲವಂತೂ ಗೇಟಿನ ಹತ್ತಿರ ಎರಡು ಸಲ ಕೆಮ್ಮಿತು.

"ಮುಗೀತೇನೋ ನಿನ್ನ ಪುರಾಣ?" ಎಂದಳು ಅಕ್ಕ, ಮಂದಿರದ ಬಾಗಿಲಲ್ಲೇ ನಿಂತು.

ಗಂಟಲಿನ ಆಪರೇಷನ್ ಆದಮೇಲೆ ಅವಳ ದನಿ ಒಣಗಿದ ಎಲೆ ಉಜ್ಜಿದಂತೆ. ತಲೆ ನರೆಯುವವರೆಗೂ ಇದೇ ಕಟ್ಟಡದಲ್ಲಿ ಹುಡುಗಿಯರಿಗೆ ಹಾಡು ಕಲಿಸಿದವಳು, ಈಗ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಸಂಜೆ ಇಲ್ಲಿಗೆ ಬಂದು ಒಬ್ಬಳೇ ಗುನುಗುತ್ತಿದ್ದಳು. ಅವಳ ಚೂರುಪಾರು ದನಿಯನ್ನು ಈ ಕಲ್ಲುಗೋಡೆಗಳು ತುಂಬಿದ ಕೊಡ ಮಾಡಿ ಹಿಂದಿರುಗಿಸುತ್ತಿದ್ದವು.

ಕಾಲೇಜಿಗೆ ಬೇಕಾಗಿದ್ದದ್ದು ಉಪನ್ಯಾಸದ ಕೋಣೆ. ಮೇಷ್ಟ್ರು ಒಂದು ಮಾತಾಡಿದರೆ ಹತ್ತು ಕೇಳುತ್ತದಂತೆ. ಗೋಡೆಗೆಲ್ಲ ಹತ್ತಿ ತುಂಬಿದ ಹಲಗೆ ಹೊಡೆಯುವ ಕೆಲಸ ಬಡಗಿಯಾದ ನನ್ನ ಕೊರಳಿಗೆ ಬಿತ್ತು.

"ಸ್ವಲ್ಪನಾದ್ರೂ ಉಳಿಸೋ," ಎಂದು ಅಕ್ಕ ಮೊದಲೇ ಕೇಳಿದ್ದಳು.

"ನಾನು ಹಿಡಿದ ಕೆಲ್ಸ ಅರ್ಧಕ್ಕೆ ಬಿಟ್ಟಿದ್ದುಂಟಾ?" ಎಂದು ಮೀಸೆ ತಿರುವಿದ್ದೆ. ಅವಳು ಮತ್ತೆ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಕೆಲಸ ನೋಡಲು ಬಂದ ಇಂಜಿನಿಯರು ನಟ್ಟನಡುವೆ ನಿಂತು ಚಪ್ಪಾಳೆ ತಟ್ಟಿ, ಏನೂ ವಾಪಸು ಬಾರದ್ದಕ್ಕೆ ಖುಷಿಯಾಗಿ ಹೋಗಿದ್ದರು.

"ಇರುವೆ ಸೀನಿದ್ರೂ ಸದ್ದು ಅಲ್ಲೇ ಸಾಯುತ್ತೆ, ಗೊತ್ತಾ?" ಎಂದೆ ಅಕ್ಕನಿಗೆ.

ಅವಳು ನೇರ ಹೋಗಿ ವೇದಿಕೆ ಹತ್ತಿದಳು. ಹಿಂದಿನ ಗೋಡೆಯಲ್ಲಿ ಬಟ್ಟಲಿನಂತೆ ಒಳಬಾಗಿದ ಕಲ್ಲಿನ ಗೂಡು. ಮುಂದೆ ನಾನೇ ತೂಗುಹಾಕಿದ ಪರದೆ. ಅದನ್ನು ಸರಿಸಿ, ಕಣ್ಣು ಮುಚ್ಚಿ, ಒಂದೇ ಒಂದು ಸ್ವರ ಎಳೆದಳು.

ಅದು ದುಂಡಗೆ, ಬೆಚ್ಚಗೆ ತಿರುಗಿ ಬಂತು.

ಅಕ್ಕ ತುಂಬ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಕೇಳಿದಳು: "ಇದ್ಯಾಕೋ ಚೀಲಕ್ಕೆ ಸೇರಿಲ್ಲ?"

"ಅಯ್ಯೋ ಅಕ್ಕಾ, ಆ ಗೂಡಿನ ಎತ್ತರ ಏನು ಕೇಳ್ತೀಯ! ಏಣಿಗೆ ಏಣಿ ಕಟ್ಟಿ ಹತ್ತಿದೆ, ತಲೆಗೆ ಮೋಡ ತಾಗ್ತಿತ್ತು. ಆದ್ರೂ ಎಟುಕ್ಲಿಲ್ಲ."

ಅಕ್ಕ ನಿಂತಲ್ಲೇ ಕೈ ಚಾಚಿ ಗೂಡಿನ ನೆತ್ತಿಯ ಬರಿಗಲ್ಲನ್ನು ಸವರಿದಳು. ಅವಳು ನನ್ನ ಭುಜಕ್ಕೂ ಬರುವುದಿಲ್ಲ.

ನಾನು ಸುತ್ತಿಗೆಯ ಹಿಡಿಯನ್ನು ಅಂಗಿಯಿಂದ ಒರೆಸತೊಡಗಿದೆ.

"ಹೇಳು," ಎಂದಳು.

"ಹಲಗೆ ಕೊಯ್ದಿಟ್ಟಿದ್ದೆ, ಅಕ್ಕಾ. ಮೊಳೆನೂ ಬಾಯಲ್ಲೇ ಕಚ್ಚಿಕೊಂಡಿದ್ದೆ. ಹೊಡೆಯೋಕೆ ಮನಸ್ಸು ಬರ್ಲಿಲ್ಲ."

"ಬರ್ಲಿಲ್ಲ," ಎಂದಿತು ಗೂಡು, ಮೆಲ್ಲಗೆ.