ಎರಡು ಸಲ ಒತ್ತುವವಳು

ನಲವತ್ತೊಂದನೇ ಸಾಲೂ ಹಸಿರಾದಾಗ ನಾಗವೇಣಿ ಕುರ್ಚಿಯಿಂದ ಎದ್ದೇಬಿಟ್ಟಳು. ಬ್ರೌಸರ್ ತಾನಾಗಿ ತೆರೆದುಕೊಂಡು, ತಾನೇ ಗುಂಡಿ ಒತ್ತಿಕೊಂಡು, ಪುಟ ಓದಿ ಮುಚ್ಚಿಕೊಂಡಿತ್ತು. ಅಕ್ಷರ ಬಾರದವರಿಗೆ ಕನ್ನಡ ಪುಟಗಳನ್ನು ಓದಿ ಹೇಳುವ ಪುಟ್ಟ ಆಡ್-ಆನ್, ಬ್ರೌಸರಿಗೆ ಜೋಡಿಸಿಕೊಳ್ಳುವ ಸಲಕರಣೆ, ಒಳಗಿತ್ತು. ಮನುಷ್ಯರ ಬದಲು ಅದನ್ನು ಒತ್ತಿ, ಕಾಡಿ ನೋಡುವ ಪರೀಕ್ಷೆಗಳನ್ನು ಬರೆದವಳು ಇವಳು; ಒಂದೊಂದು ಪಾಸಾದಾಗ ಪರದೆಯ ಮೇಲೆ ಒಂದೊಂದು ಸಾಲು ಹಸಿರು. ಮೂರು ತಿಂಗಳ ಹಂಗಾಮಿ ಕೆಲಸ ಇವತ್ತಿಗೆ ಮುಗಿಯುತ್ತದೆ. ಪರೀಕ್ಷೆ ಗಟ್ಟಿಯಿದ್ದರೆ ಕಾಯಂ ಎಂದಿದ್ದರು ಸೂಫಿಯಾ ಮೇಡಂ. ರಾಯಚೂರಿನ ಸ್ಟೇಷನ್ ರಸ್ತೆಯ ಆ ಎರಡು ಕೋಣೆಯ ಕಚೇರಿಗೆ ಮಾಲಕಿ ಅವರೇ.

ಅದೇ ಹೊತ್ತಿಗೆ ತಾಯಿ ಕನಕಮ್ಮ ಬುತ್ತಿ ಹಿಡಿದು ಬಂದಳು. ಅಕ್ಕಿ ಮಿಲ್ಲಿನಿಂದ ನೇರ ಬಂದವಳ ಕೂದಲಲ್ಲಿ ತೌಡಿನ ಪುಡಿ ಇತ್ತು. ಮಗಳು ಊಟ ಮರೆತು ಆಕೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಜಂಬ ಬರದೆ ಇರುತ್ತದೆಯೇ?

“ಯವ್ವಾ, ಈ ಗುಂಡಿ ಒತ್ತು. ಮಾನ್ವಿ ಬಸ್ಸಿನ ಟೈಮ್ ಓದ್ತದ.”

ಕನಕಮ್ಮ ಒತ್ತಿದಳು. ಅತ್ತಿತ್ತ ನೋಡಿ ಮತ್ತೊಮ್ಮೆ ಒತ್ತಿದಳು. ಎರಡು ದನಿಗಳು ಒಂದರ ಮೇಲೊಂದು ಬಿದ್ದು ಸಂತೆಯ ಗದ್ದಲವೆದ್ದಿತು. ಬಸ್ಸು ಒಂಬತ್ತಕ್ಕೋ ಹತ್ತಕ್ಕೋ, ದೇವರಿಗೇ ಗೊತ್ತು.

“ಒಂದ ಸಲ ಒತ್ತಬೇಕು, ಯವ್ವಾ!” ನಾಗವೇಣಿಯ ಮುಖ ಸಣ್ಣಗಾಯಿತು. ಸೂಫಿಯಾ ಬಾಗಿಲಲ್ಲೇ ನಿಂತಿದ್ದರು.

“ನಲವತ್ತೊಂದು ಟೆಸ್ಟ್ ಬರದೀದಿ. ಇದನ್ನ ಒಂದೂ ಯಾಕ ಹಿಡೀಲಿಲ್ಲ?”

“ಎರಡು ಸಲ ಯಾರು ಒತ್ತತಾರ್ರೀ ಮೇಡಂ?”

“ನಾ ಒತ್ತತೀನಲ್ಲ,” ಎಂದಳು ಕನಕಮ್ಮ. “ಮಿಲ್ಲಿನಾಗ ಮೊದಲ್ನೇ ಸಲ ಒತ್ತಿದ್ರ ಬರೀ ಗಂಟಿ ಹೊಡೀತದ, ಮಂದಿ ಕೈ ಹಿಂದ ತಗೊಳ್ಳಲಿ ಅಂತ. ಎಲ್ಲಾರ ಕೈ ನೋಡಿ ಎರಡನೇ ಸಲ ಒತ್ತಿದ್ರ ಮಷೀನ್ ಸುರುವಾಗ್ತದ. ಹದಿನೆಂಟು ವರ್ಷದಾಗ ನನ್ನ ಪಾಳಿಯಾಗ ಒಬ್ಬರ ಬೆರಳೂ ಹೋಗಿಲ್ಲ.”

ನಾಗವೇಣಿಗೆ ನಾಚಿಕೆಯಾಯಿತು, ತಾಯಿಯ ಬಗ್ಗೆ ಅಲ್ಲ. ತಾಯಿಗೆ ಕಲಿಸುವ ಮಾತು ಬಿಟ್ಟು ಕುರ್ಚಿ ಎಳೆದುಕೊಂಡಳು. ನಲವತ್ತೆರಡನೇ ಪರೀಕ್ಷೆ: ಒತ್ತು, ತುಸು ಕಾಯು, ಮತ್ತೆ ಒತ್ತು, ಒಂದೇ ದನಿ ಬರಬೇಕು. ಓಡಿಸಿದಳು. ಕೆಂಪು. ತಪ್ಪು ಸಿಕ್ಕಿಬಿದ್ದಿತ್ತು. ಸೂಫಿಯಾ ಪಕ್ಕದಲ್ಲೇ ಕೂತು ಆಡ್-ಆನ್ ತಿದ್ದಿದರು. ಎರಡನೇ ಸಲ ಒತ್ತಿದರೆ ಮೊದಲ ದನಿ ನಿಂತು ಓದು ಹೊಸದಾಗಿ ಶುರುವಾಗುವಂತೆ. ಬುತ್ತಿಯ ರೊಟ್ಟಿ ಆರಿಹೋಯಿತು. ಮತ್ತೆ ಓಡಿಸಿದಾಗ ಹಸಿರು.

“ಈ ಟೆಸ್ಟಿಗೆ ಹೆಸರೇನಿಟ್ಟಿ?” ಸೂಫಿಯಾ ಬಗ್ಗಿ ಓದಿ ನಕ್ಕರು. “ನಾಳೆ ಬಾ. ಕಾಯಂ ಆರ್ಡರ್ ತಯಾರ ಇರ್ತದ.”

ಕನಕಮ್ಮನಿಗೆ ಸಹಿ ಮಾಡುವಷ್ಟು ಅಕ್ಷರ ಗೊತ್ತು. ಹಸಿರು ಸಾಲಿನ ಮೇಲೆ ಬೆರಳಿಟ್ಟಳು. “ಇದು ನನ್ನ ಹೆಸರಲ್ಲೇನು?”

“ಹೂಂ ಯವ್ವಾ. ಇನ್ನ ಮ್ಯಾಲ ದಿನಾ ಇದು ನಿನ್ನಂಗ ಒತ್ತಿ ನೋಡ್ತದ.”

ಕನಕಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಗುಂಡಿ ಒತ್ತಿದಳು. ತಿರುಗಿ ಮಗಳ ಕೈ ನೋಡಿದಳು, ಸೂಫಿಯಾರ ಕೈ ನೋಡಿದಳು. ಇಬ್ಬರೂ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದರು. ಆಮೇಲೆ ಎರಡನೇ ಸಲ ಒತ್ತಿದಳು.