ಕಿತ್ತೆಸೆದ ಕೆಂಪು ಬಲ್ಬು

ಗ್ಯಾರೇಜಿನ ಎಲೆಕ್ಟ್ರಿಷಿಯನ್‌ಗೆ ತನ್ನ ಕೈಕೆಲಸದ ಮೇಲೆ ತುಸು ಹೆಚ್ಚೇ ಜಂಬ. ಮೇಷ್ಟ್ರ ಹಳೇ ಕಾರಿನ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದ, ಇಗ್ನಿಷನ್ನಿನ ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಹಾಕಿದ, ಇಲಿ ಕಡಿದ ವೈರನ್ನೆಲ್ಲ ಹೊಸದಾಗಿ ಎಳೆದ. ಡ್ಯಾಷ್‌ಬೋರ್ಡಿನಲ್ಲಿ ಚಾರ್ಜಿಂಗ್ ತೋರಿಸುವ ಕೆಂಪು ಬಲ್ಬಿನ ಹೋಲ್ಡರ್ ತುಕ್ಕು ಹಿಡಿದಿತ್ತು. ಬರೀ ತೋರಿಕೆಯ ದೀಪ, ಇದ್ದರೆಷ್ಟು ಬಿಟ್ಟರೆಷ್ಟು ಎಂದು ಕಿತ್ತೆಸೆದ. ಇಂಜಿನ್ನಿಗೆ ಜೋರಾಗಿ ರೇಸ್ ಕೊಟ್ಟು ಮೀಟರ್ ಹಿಡಿದಾಗ ಚಾರ್ಜೇನೋ ಚೆನ್ನಾಗಿಯೇ ಬರುತ್ತಿತ್ತು.

ಕಾರು ಓಡಿಸುವವರು ಮೇಷ್ಟ್ರಲ್ಲ, ಅವರ ಹೆಂಡತಿ. ಕೆಲವೇ ದಿನಕ್ಕೆ ಬ್ಯಾಟರಿ ಸತ್ತು ಕಾರು ಮನೆ ಮುಂದೆ ಮುಷ್ಕರ ಹೂಡಿತು. ಕರೆದರೆಂದು ಹೋದವನು ಬಾನೆಟ್ ಎತ್ತಿ ಕಾಟಾಚಾರಕ್ಕೆ ನೋಡಿದ. ತನ್ನ ವೈರಿಂಗಿನಲ್ಲಿ ತಪ್ಪಿರಬಹುದೆಂಬ ಯೋಚನೆಯೂ ಬರಲಿಲ್ಲ.

"ಅಮ್ಮಾವ್ರು ಹೆಡ್‌ಲೈಟ್ ಆರ್ಸೋದು ಮರ್ತಿದ್ದಾರೆ, ಅಷ್ಟೇ."

"ಆರಿಸಿದ್ದೆ ಕಣಪ್ಪಾ," ಎಂದರು ಆಕೆ.

"ಎಲ್ರೂ ಹಾಗೇ ಅಂತಾರೆ ಬಿಡಿ," ಎಂದು ನಕ್ಕ. ಮೇಷ್ಟ್ರೂ ನಕ್ಕರು.

ಮುಂದೊಂದು ದಿನ ಬೇರೆ ಕಾರಿಗೆ ಅಂಥದ್ದೇ ಆಲ್ಟರ್ನೇಟರ್ ಕೂರಿಸುವಾಗ ಚಾರ್ಜಿಂಗ್ ಬಲ್ಬಿನ ವೈರು ಕಳಚಿಕೊಂಡಿತ್ತು. ಇಂಜಿನ್ ಓಡುತ್ತಿದ್ದರೂ ಚಾರ್ಜ್ ಇಲ್ಲ. ವೈರು ಸಿಕ್ಕಿಸಿದ, ಬಂತು. ಆ ಬಲ್ಬಿನ ಮೂಲಕ ಹರಿಯುವ ಚೂರು ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು! ಮೇಷ್ಟ್ರ ಕಾರಿನದು ಅವತ್ತು ಜೋರು ರೇಸಿಗೆ ಹೇಗೋ ಎದ್ದಿತ್ತು. ನಿಧಾನವಾಗಿ ಓಡಿಸುವ ಆಕೆಯ ಕೈಯಲ್ಲಿ ಎದ್ದೇ ಇರಲಿಲ್ಲ. ಅವನ ಕಿವಿ ಬಿಸಿಯಾಯಿತು. ಆದರೂ ಸದ್ದಿಲ್ಲದೆ ಬಲ್ಬು ಹಾಕಿ ಬಂದರಾಯಿತು ಎಂದುಕೊಂಡೇ ಮೇಷ್ಟ್ರ ಮನೆಗೆ ಹೊರಟ. ಮಾನಗೇಡಿ ಬುದ್ಧಿ ಅಷ್ಟು ಬೇಗ ಬಿಡುತ್ತದೆಯೇ?

"ಸುಮ್ನೆ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದು ಬಲ್ಬು ಕೂರಿಸತೊಡಗಿದ.

ಮೇಷ್ಟ್ರು ದನಿ ತಗ್ಗಿಸಿದರು. "ಅವತ್ತಿಂದ ಅವ್ಳು ಓಡ್ಸೋದೇ ಬಿಟ್ಟಿದ್ದಾಳಪ್ಪ. ಗ್ಯಾಸ್ ಆರಿಸಿದ್ನಾ, ಬಾಗಿಲು ಹಾಕಿದ್ನಾ ಅಂತ ಪದೇ ಪದೇ ಕೇಳ್ತಾಳೆ. ಅವಳಮ್ಮಂಗೂ ಮರೆವು ಹೀಗೇ ಶುರುವಾಗಿದ್ದಂತೆ. ನಾಳೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದೀನಿ."

ಅವನು ಕೆಲಸ ಮುಗಿಸಿ ಎದ್ದು ಹೋಗಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆಕೆ ಹೊರಗೆ ಬಂದು, ಅಡುಗೆಮನೆಯ ಕಡೆ ಮತ್ತೆ ಮತ್ತೆ ತಿರುಗಿ ನೋಡುತ್ತಾ ನಿಂತಿದ್ದರು. ಅವನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

"ಅಮ್ಮಾ, ನೀವು ಅವತ್ತು ಲೈಟ್ ಆರಿಸಿದ್ರಿ," ಎಂದ. "ನಾನೇ ಈ ಬಲ್ಬು ಕಿತ್ತಿದ್ದೆ. ಅದಿಲ್ದೆ ಚಾರ್ಜೇ ಆಗ್ತಿರ್ಲಿಲ್ಲ. ನೋಡ್ದೇನೇ ತಪ್ಪು ನಿಮ್ಮ ತಲೆಗೆ ಕಟ್ಬಿಟ್ಟೆ."

ಮುಖಕ್ಕೆ ಉಗಿದರೂ ಸಾಕಿತ್ತು. ಆಕೆ ಅವನತ್ತ ನೋಡಲೇ ಇಲ್ಲ. ಗಂಡನ ಕಡೆ ತಿರುಗಿದರು.

"ಅವನೇನೋ ಹೊರಗಿನವನು. ನೀವ್ಯಾಕ್ರೀ ನಕ್ಕಿದ್ದು?"